ತಾಳಮದ್ದಳೆಯ ಕೂಟದಲ್ಲಿ ಮಾತಿನ ನಿಯಂತ್ರಣ: ಬಹಿರಂಗತೆ ಮತ್ತು ಉತ್ತರದಾಯಿತ್ವ

ಹಲವರು ಕೂಡಿ ಮಾತನಾಡುವ ಎಡೆಯಲ್ಲಿ ಮಾತನ್ನು ಹದ್ದಿನಲ್ಲಿಡುವ ಒಬ್ಬನು ಬೇಕಾಗುತ್ತಾನೆ. ಯಾರು ಮೊದಲು ಮಾತನಾಡಬೇಕು, ಎಷ್ಟು ಹೊತ್ತು ಮಾತನಾಡಬೇಕು, ಯಾವ ಮಾತು ವಿಷಯಕ್ಕೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಅವನು ತೀರ್ಮಾನಿಸುತ್ತಾನೆ. ಅಂಥ ಒಬ್ಬನಿಲ್ಲದಿದ್ದರೆ ದೊಡ್ಡ ದನಿಯವನದೇ ಕೊನೆಯ ಮಾತಾಗುತ್ತದೆ. ಆದರೆ ಮಾತನ್ನು ನಿಯಂತ್ರಿಸುವವನನ್ನು ನಿಯಂತ್ರಿಸುವವರು ಯಾರು, ಅವನು ತಡೆದ ಮಾತಿಗೆ ಕಾರಣ ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಮಾತ್ರ ಎಲ್ಲ ಸಭೆಗಳಲ್ಲಿಯೂ ಉಳಿದುಕೊಳ್ಳುತ್ತದೆ. ಆಧುನಿಕ ಸಾರ್ವಜನಿಕ ಚರ್ಚೆಯಲ್ಲಿ ಪಾರದರ್ಶಕತೆ, ಉತ್ತರದಾಯಿತ್ವ ಎಂಬ ಎರಡು ಪದಗಳು ಜೋಡಿಪದಗಳಂತೆ ಬಳಕೆಯಾಗುತ್ತಿವೆ. ಒಂದಿದ್ದರೆ ಇನ್ನೊಂದು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಈ ಬಳಕೆಯ ಹಿಂದಿದೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಪರಿಶೀಲಿಸಲು ಕನ್ನಡದ ಮೌಖಿಕ ಪರಂಪರೆಯಲ್ಲಿಯೇ ಒಂದು ಸಮೃದ್ಧವಾದ ಆಕರವಿದೆ. ಅದು ತಾಳಮದ್ದಳೆ.

ಕರಾವಳಿ, ಕಾಸರಗೋಡು ಹಾಗೂ ಮಲೆನಾಡಿನ ಭಾಗಗಳಲ್ಲಿ ರೂಢಿಯಲ್ಲಿರುವ ತಾಳಮದ್ದಳೆಯನ್ನು ಯಕ್ಷಗಾನದ ವಾಚಿಕ ಪ್ರಧಾನ ಪ್ರಕಾರವೆಂದು ವಿದ್ವಾಂಸರು ಗುರುತಿಸಿದ್ದಾರೆ. ವೇಷಭೂಷಣವಿಲ್ಲ, ಕುಣಿತವಿಲ್ಲ; ಭಾಗವತನ ಹಾಡು, ಹಿಮ್ಮೇಳದ ವಾದನ, ಅರ್ಥಧಾರಿಗಳ ಆಶುಮಾತು ಇವಿಷ್ಟೇ ಇಲ್ಲಿನ ಸಾಮಗ್ರಿ. ಇದುವರೆಗಿನ ಅಧ್ಯಯನಗಳು ಹೆಚ್ಚಾಗಿ ಅರ್ಥಗಾರಿಕೆಯ ಸೊಗಸು, ಪೌರಾಣಿಕ ಪಾತ್ರಗಳ ಮರುವ್ಯಾಖ್ಯಾನ, ಆಶುಪ್ರತಿಭೆ ಮುಂತಾದ ನೆಲೆಗಳಲ್ಲಿ ನಡೆದಿವೆ. ಭಾಗವತನನ್ನು ಸೂತ್ರಧಾರ, ನಿರ್ದೇಶಕ, ಮೊದಲನೆಯ ವೇಷ ಎಂದೆಲ್ಲ ಗೌರವದಿಂದ ಕರೆಯಲಾಗಿದೆ. ಆದರೆ ಆ ನಿರ್ದೇಶಕನು ಯಾರಿಗೆ ಉತ್ತರ ಹೇಳಬೇಕಾದವನು ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಕಡಿಮೆ. ತಾಳಮದ್ದಳೆಯನ್ನು ಮಾತಿನ ನಿಯಂತ್ರಣದ ಒಂದು ವ್ಯವಸ್ಥೆಯಾಗಿ ಓದಿ, ಅದರಲ್ಲಿ ಬಹಿರಂಗತೆ ಮತ್ತು ಉತ್ತರದಾಯಿತ್ವ ಹೇಗೆ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೂಟದ ಕಟ್ಟುಪಾಡು

ತಾಳಮದ್ದಳೆಯ ಗೋಷ್ಠಿಗೆ ಜನಬಳಕೆಯಲ್ಲಿರುವ ಹೆಸರು ‘ಕೂಟ’. ಬಯಲಾಟದ ಮೇಳಗಳು ಪತ್ತನಾಜೆಯ ಅನಂತರ ಗೆಜ್ಜೆ ಬಿಚ್ಚಿ ಮಳೆಗಾಲದ ವಿರಾಮಕ್ಕೆ ಸರಿದಾಗ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಅಂಗಣದಲ್ಲಿ ಕೂಟಗಳು ಕಳೆಗಟ್ಟುತ್ತಿದ್ದವು. ದೀಪ ಹಚ್ಚಿ, ಗಣಪತಿ ಸ್ತುತಿಯಿಂದ ತೊಡಗಿ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತನಾಡುವ ಈ ಏರ್ಪಾಡಿನಲ್ಲಿ ಮಾತಿಗೆ ಮೂರು ಬಗೆಯ ಕಟ್ಟುಗಳಿವೆ.

ಮೊದಲನೆಯದು ಪದ್ಯದ ಕಟ್ಟು. ಅರ್ಥಧಾರಿಯು ತನಗೆ ತೋಚಿದ್ದನ್ನೆಲ್ಲ ಮಾತನಾಡುವಂತಿಲ್ಲ. ಭಾಗವತನು ಹಾಡಿದ ಪದ್ಯಕ್ಕೆ ಅವನು ‘ಅರ್ಥ’ ಹೇಳಬೇಕು. ಎರಡು ಸಾಲಿನ ಪದ್ಯಕ್ಕೆ ಅರ್ಧ ಗಂಟೆಯ ಅರ್ಥವಿರಬಹುದು. ಅದರಲ್ಲಿ ವೇದಾಂತ, ರಾಜನೀತಿ, ಲೋಕಾನುಭವ ಎಲ್ಲವೂ ಬರಬಹುದು. ಆದರೆ ಹೇಳಿದ್ದೆಲ್ಲ ಪದ್ಯದ ಬೀಜದಿಂದ ಮೊಳೆತದ್ದಾಗಿರಬೇಕು. ಈ ನಿಯಮದ ವೈಶಿಷ್ಟ್ಯವೆಂದರೆ, ಅಳತೆಗೋಲಾದ ಪದ್ಯವನ್ನು ಅರ್ಥಧಾರಿಯಷ್ಟೇ ಸ್ಪಷ್ಟವಾಗಿ ಸಭೆಯೂ ಕೇಳಿಸಿಕೊಂಡಿರುತ್ತದೆ. ಮಾತು ದಾರಿ ತಪ್ಪಿತೇ ಇಲ್ಲವೇ ಎಂದು ತೂಗಿ ನೋಡುವ ತಕ್ಕಡಿ ಎಲ್ಲರ ಕೈಯಲ್ಲಿಯೂ ಇದೆ.

ಎರಡನೆಯದು ಪ್ರಸಂಗದ ಕಟ್ಟು. ಕಥೆಯ ಮುಕ್ತಾಯ ಮೊದಲೇ ನಿಶ್ಚಿತವಾಗಿದೆ. ವಾಲಿ ಬೀಳಲೇಬೇಕು; ಕೃಷ್ಣಸಂಧಾನದಲ್ಲಿ ಸಂಧಿ ಮುರಿಯಲೇಬೇಕು. ಪ್ರತಿಪಾತ್ರಧಾರಿಯನ್ನು ವಾದದಲ್ಲಿ ನಿರುತ್ತರನನ್ನಾಗಿ ಮಾಡಿದ ಅರ್ಥಧಾರಿಯೂ ಕೊನೆಗೆ ಪ್ರಸಂಗವು ತನ್ನ ಪಾತ್ರಕ್ಕೆ ವಿಧಿಸಿದ ಸೋಲನ್ನು ಒಪ್ಪಿಕೊಳ್ಳಬೇಕು. ವಾದದ ಗೆಲುವು ಮತ್ತು ಕಥೆಯ ಗೆಲುವು ಬೇರೆಯಾಗಿರಲು ಅವಕಾಶವಿರುವುದರಿಂದಲೇ ಸೋಲುವ ಪಾತ್ರಕ್ಕೂ ತನ್ನ ಪಕ್ಷವನ್ನು ಪೂರ್ತಿಯಾಗಿ ಮಂಡಿಸುವ ಸ್ವಾತಂತ್ರ್ಯ ಒದಗುತ್ತದೆ.

ಮೂರನೆಯದು ಔಚಿತ್ಯದ ಕಟ್ಟು. ಪಾತ್ರವು ಪಾತ್ರವನ್ನು ಎಷ್ಟು ಬೇಕಾದರೂ ಮೂದಲಿಸಬಹುದು. ಆದರೆ ಎದುರು ಕುಳಿತ ಕಲಾವಿದನ ಜಾತಿ, ವೃತ್ತಿ, ದೇಹ, ಮನೆತನಗಳನ್ನು ಎಳೆದು ತರುವಂತಿಲ್ಲ. ರಾವಣನನ್ನು ಹಳಿಯುವ ಮಾತು ರಾವಣನ ಅರ್ಥಧಾರಿಯನ್ನು ಹಳಿಯುವ ಮಾತಾಗಬಾರದು. ಈ ಗೆರೆ ಬರವಣಿಗೆಯಲ್ಲಿಲ್ಲ. ಅದು ದಾಟಿದಾಗಲೇ ಕಾಣಿಸುತ್ತದೆ. ಅದನ್ನು ದಾಟಿದ ಪ್ರಸಂಗಗಳು ರಸಿಕರ ನೆನಪಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಈ ಮೂರು ಕಟ್ಟುಗಳನ್ನೂ ಕೂಟದಲ್ಲಿ ಕಾಯುವ ಹೊಣೆ ಭಾಗವತನದು.

ಭಾಗವತನ ಅಧಿಕಾರದ ಸ್ವರೂಪ

ಭಾಗವತನ ನಿಯಂತ್ರಣ ಮಾತಿನಿಂದ ನಡೆಯುವುದು ಅಪರೂಪ. ಅರ್ಥಧಾರಿಯು ಮಾತು ಮುಗಿಸುವಾಗ ಮುಂದಿನ ಪದ್ಯಕ್ಕೆ ದಾರಿಮಾಡಿಕೊಡುವಂತೆ ‘ಎತ್ತುಗಡೆ’ ನೀಡುವುದು ಕ್ರಮ. ಎತ್ತುಗಡೆ ಬಂದಾಗ ಭಾಗವತ ಹಾಡುತ್ತಾನೆ. ಮಾತು ಲಂಬಿಸಿ ಎತ್ತುಗಡೆ ಬಾರದೆ ಹೋದರೆ ಅವನು ಸರಿದು ಕುಳಿತುಕೊಳ್ಳುತ್ತಾನೆ, ತಾಳ ಅಥವಾ ಜಾಗಟೆಯನ್ನು ಕೈಗೆತ್ತಿಕೊಳ್ಳುತ್ತಾನೆ, ಮೆಲ್ಲನೆ ಶ್ರುತಿ ಹಿಡಿಯುತ್ತಾನೆ. ಇಷ್ಟರಲ್ಲಿಯೇ ಅನುಭವಿ ಅರ್ಥಧಾರಿಗೆ ಸೂಚನೆ ದೊರೆತಿರುತ್ತದೆ. ಅದನ್ನೂ ಲೆಕ್ಕಿಸದಿದ್ದರೆ ಭಾಗವತನು ನೇರವಾಗಿ ಮುಂದಿನ ಪದ್ಯವನ್ನು ಎತ್ತಿಕೊಳ್ಳಬಲ್ಲ. ಮದ್ದಳೆಯ ಪೆಟ್ಟು ಬಿದ್ದ ಮೇಲೆ ಯಾವ ವಾಗ್ಮಿಯ ದನಿಯೂ ಅದರ ಮೇಲೆ ನಿಲ್ಲುವುದಿಲ್ಲ.

ಈ ವಿಧಾನದಲ್ಲಿ ಮೂರು ಸಂಗತಿಗಳು ಗಮನಾರ್ಹ. ನಿಯಂತ್ರಣವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಹೆಜ್ಜೆಯಲ್ಲಿಯೇ ಮಾತನ್ನು ಕಡಿದು ಹಾಕುವುದಿಲ್ಲ. ಪ್ರತಿಯೊಂದು ಹೆಜ್ಜೆಯೂ ಸಭೆಗೆ ಕಾಣಿಸುತ್ತದೆ ಅಥವಾ ಕೇಳಿಸುತ್ತದೆ. ಅರ್ಥಧಾರಿಗೆ ಮಾತ್ರ ತಿಳಿಯುವ ಗುಟ್ಟಿನ ಎಚ್ಚರಿಕೆ ಎಂಬುದಿಲ್ಲ. ತಡೆದವನು ತಡೆದ ಮೇಲೂ ಅಲ್ಲಿಯೇ, ತಡೆಯಲ್ಪಟ್ಟವನ ಪಕ್ಕದಲ್ಲಿಯೇ ಕುಳಿತಿರುತ್ತಾನೆ. ಭಾಗವತನು ಒಳ್ಳೆಯ ವಾದವೊಂದನ್ನು ಅವಸರದಿಂದ ಕತ್ತರಿಸಿದರೆ ಸಭೆ ಗುಜುಗುಟ್ಟುತ್ತದೆ. ಅರ್ಥಧಾರಿಯು ಮುಂದಿನ ಪದ್ಯದ ಅರ್ಥದಲ್ಲಿ ಪಾತ್ರದ ಬಾಯಿಂದಲೇ, ಹೇಳಬೇಕಾದ ಮಾತು ಉಳಿದುಹೋಯಿತೆಂದು ಸೂಚ್ಯವಾಗಿ ಆಕ್ಷೇಪಿಸಬಲ್ಲ. ಬೆಳಗಿನ ಜಾವ ಕೂಟ ಮುಗಿದ ಮೇಲೆ ಚಹದ ಜೊತೆಗೆ ನಡೆಯುವ ವಿಮರ್ಶೆಯಲ್ಲಿ ಅರ್ಥಧಾರಿಯ ಮಾತಿನಂತೆ ಭಾಗವತನ ನಡೆಯೂ ಚರ್ಚೆಗೆ ಬರುತ್ತದೆ.

ಆದರೂ ಭಾಗವತನ ಕೈಯಲ್ಲಿ ಸದ್ದಿಲ್ಲದ ಒಂದು ಅಧಿಕಾರವಿದೆ. ಅದು ಪದ್ಯಗಳ ಆಯ್ಕೆ. ಪ್ರಸಂಗದ ಎಲ್ಲ ಪದ್ಯಗಳನ್ನೂ ಹಾಡುವುದಕ್ಕೆ ಒಂದು ರಾತ್ರಿ ಸಾಲದು. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಭಾಗವತನೇ ನಿರ್ಧರಿಸುತ್ತಾನೆ. ಪದ್ಯವನ್ನು ಬಿಟ್ಟರೆ ಆ ಪದ್ಯದ ಪಾತ್ರಕ್ಕೆ ಆ ಹೊತ್ತಿನ ಮಾತೇ ಇಲ್ಲವಾಗುತ್ತದೆ. ಮಧ್ಯದಲ್ಲಿ ಕಡಿದ ಮಾತಿಗೆ ಸಭೆಯೇ ಸಾಕ್ಷಿಯಾಗಿರುತ್ತದೆ. ಆರಂಭವೇ ಆಗದ ಮಾತಿಗೆ ಅಂಥ ಸಾಕ್ಷಿ ಇರುವುದಿಲ್ಲ. ಇದನ್ನು ಗುರುತಿಸಲು ಪ್ರೇಕ್ಷಕನಿಗೆ ಪ್ರಸಂಗಪಾಠ ಗೊತ್ತಿರಬೇಕಾಗುತ್ತದೆ. ಉಡುಪಿಯ ಪಾವಂಜೆ ಗುರುರಾಯರಂಥ ಪ್ರಕಾಶಕರು ಪ್ರಸಂಗ ಪುಸ್ತಕಗಳನ್ನು ಅಗ್ಗದ ಬೆಲೆಗೆ ಅಚ್ಚು ಹಾಕಿ ಊರೂರಿಗೆ ತಲುಪಿಸಿದ್ದನ್ನು ಸಾಮಾನ್ಯವಾಗಿ ಸಾಹಿತ್ಯ ಪ್ರಸಾರವೆಂದು ಮಾತ್ರ ನೋಡಲಾಗುತ್ತದೆ. ಕೂಟದ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಅರ್ಥವಿದೆ. ನಿಯಂತ್ರಕನ ಕೈಯಲ್ಲಿರುವ ಪಠ್ಯವೇ ಕೇಳುಗನ ಕೈಯಲ್ಲಿಯೂ ಇದ್ದಾಗ, ಬಿಟ್ಟುಹೋದದ್ದನ್ನು ಗುರುತಿಸುವ ಶಕ್ತಿ ಕೇಳುಗನಿಗೆ ಬರುತ್ತದೆ.

ವಾಲಿಯ ಪ್ರಶ್ನೆ

ಕೂಟದ ಹೊರಗಿನ ರಚನೆಯಲ್ಲಿ ಕಾಣುವ ಈ ಪ್ರಶ್ನೆ, ಕೂಟದಲ್ಲಿ ನಡೆಯುವ ಪ್ರಸಂಗಗಳ ಒಡಲಿನಲ್ಲಿಯೂ ಇದೆ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ ವಾಲಿಸುಗ್ರೀವರ ಕಾಳಗವೂ ಒಂದು. ಜನರ ಬಾಯಲ್ಲಿ ‘ವಾಲಿವಧೆ’ ಎಂದೇ ರೂಢಿಯಾಗಿರುವ ಈ ಕಥಾಭಾಗ ಅರ್ಥಧಾರಿಗಳ ವಾದಸಾಮರ್ಥ್ಯಕ್ಕೆ ಒರೆಗಲ್ಲಾಗಿದೆ. ಇದರ ಆಕರ್ಷಣೆ ಯುದ್ಧದಲ್ಲಿಲ್ಲ. ಬಾಣ ತಾಗಿ ನೆಲಕ್ಕೊರಗಿದ ವಾಲಿಯು ರಾಮನನ್ನು ಕೇಳುವ ಪ್ರಶ್ನೆಗಳಲ್ಲಿದೆ.

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ ಹದಿನೇಳು ಮತ್ತು ಹದಿನೆಂಟನೆಯ ಸರ್ಗಗಳಲ್ಲಿ ಈ ವಾದ ಬರುತ್ತದೆ. ತಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ, ಎದುರಿಗೆ ಬಾರದೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂಬುದು ವಾಲಿಯ ಮುಖ್ಯ ಆಕ್ಷೇಪ. ತಾನು ರಾಮನಿಗಾಗಲಿ ಅವನ ನಾಡಿಗಾಗಲಿ ಯಾವ ಅಪರಾಧವನ್ನೂ ಮಾಡಿಲ್ಲ ಎಂದೂ ಅವನು ಹೇಳುತ್ತಾನೆ. ರಾಮನ ಉತ್ತರದಲ್ಲಿ ಹಲವು ಎಳೆಗಳಿವೆ. ಈ ಭೂಮಿಯೆಲ್ಲ ಇಕ್ಷ್ವಾಕುಗಳದು. ಭರತನ ಆಜ್ಞೆಯಂತೆ ಧರ್ಮವನ್ನು ಕಾಯುವುದು ತನ್ನ ಹೊಣೆ. ತಮ್ಮನ ಹೆಂಡತಿಯಾದ ರುಮೆಯನ್ನು ವಾಲಿ ಇಟ್ಟುಕೊಂಡದ್ದು ದಂಡನಾರ್ಹ. ಸುಗ್ರೀವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾಗಿತ್ತು. ವಾಲಿ ಶಾಖಾಮೃಗವಾದುದರಿಂದ ಮರೆಯಿಂದ ಹೊಡೆಯುವುದು ಬೇಟೆಯ ನಿಯಮಕ್ಕೆ ಹೊರತಲ್ಲ.

ಈ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ವಾಲಿಯ ಅರ್ಥಧಾರಿಗಳು ಚೆನ್ನಾಗಿ ಬಲ್ಲರು. ವಾಲಿ ಮೃಗವಾದರೆ ಅವನಿಗೆ ಮನುಷ್ಯರ ದಾಂಪತ್ಯಧರ್ಮವನ್ನು ವಿಧಿಸುವಂತಿಲ್ಲ. ಧರ್ಮಕ್ಕೆ ಬದ್ಧನಾದವನೆಂದರೆ ಅವನನ್ನು ಮೃಗದಂತೆ ಬೇಟೆಯಾಡುವಂತಿಲ್ಲ. ಈ ಇಕ್ಕಟ್ಟಿನಲ್ಲಿ ರಾಮನನ್ನು ಸಿಲುಕಿಸುವುದೇ ವಾಲಿಯ ಅರ್ಥಗಾರಿಕೆಯ ಮುಖ್ಯ ಪಟ್ಟು. ಅದರಿಂದ ಬಿಡಿಸಿಕೊಳ್ಳುವುದು ರಾಮನ ಅರ್ಥಧಾರಿಯ ಜಾಣ್ಮೆಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಮಹಾನ್ ಅರ್ಥಧಾರಿಗಳು ಪ್ರತಿನಾಯಕ ಪಾತ್ರಗಳಿಗೆ ತರ್ಕದ ಘನತೆಯನ್ನು ತಂದುಕೊಟ್ಟ ಮೇಲೆ ಇಂಥ ಪ್ರಶ್ನೆಗಳು ಕೂಟದಲ್ಲಿ ಇನ್ನಷ್ಟು ಮೊನಚಾದವು.

ದಂಡನೆಯ ವಿಧಾನವನ್ನು ಕುರಿತ ಚರ್ಚೆಯಾಗಿ ಈ ಪ್ರಸಂಗವನ್ನು ನೋಡಿದಾಗ ಒಂದು ಸೂಕ್ಷ್ಮ ಹೊರಡುತ್ತದೆ. ವಾಲಿ ತನ್ನನ್ನು ದಂಡಿಸಿದ್ದಕ್ಕೆ ಮಾತ್ರ ಆಕ್ಷೇಪಿಸುತ್ತಿಲ್ಲ. ತಪ್ಪು ಏನೆಂದು ಮೊದಲೇ ತಿಳಿಸಲಿಲ್ಲ, ತನ್ನ ಮಾತನ್ನು ಕೇಳಲಿಲ್ಲ, ದಂಡಿಸಿದವನು ಯಾರೆಂಬುದು ಬಾಣ ತಾಗುವ ತನಕ ಕಾಣಲಿಲ್ಲ ಎಂಬ ದೂರುಗಳು ಅವನ ಮಾತಿನಲ್ಲಿ ಅಡಕವಾಗಿವೆ. ಬಹಿರಂಗತೆಯ ಕೊರತೆ ಎಂದು ಇಂದು ಕರೆಯುವುದು ಇದನ್ನೇ. ಆದರೆ ಇದೇ ರಾಮ ಆಮೇಲೆ ಮರದ ಮರೆಯಿಂದ ಹೊರಗೆ ಬರುತ್ತಾನೆ. ಸಾಯುತ್ತಿರುವವನ ಎದುರಿಗೆ ನಿಂತು ಅವನ ಒಂದೊಂದು ಪ್ರಶ್ನೆಯನ್ನೂ ಕೇಳಿಸಿಕೊಳ್ಳುತ್ತಾನೆ, ಉತ್ತರ ಹೇಳುತ್ತಾನೆ. ಉತ್ತರ ಸಮರ್ಪಕವೇ ಅಲ್ಲವೇ ಎಂಬುದು ಬೇರೆ ಮಾತು. ಸಾವಿರ ಕೂಟಗಳಲ್ಲಿ ಅದು ಚರ್ಚೆಯಾಗಿದೆ, ಇನ್ನೂ ಆಗುತ್ತದೆ. ಹಾಗೆ ಚರ್ಚೆಯಾಗುವುದು ಸಾಧ್ಯವಾದದ್ದು ರಾಮ ಉತ್ತರ ಕೊಟ್ಟದ್ದರಿಂದ. ಬಹಿರಂಗತೆಯಲ್ಲಿ ಸೋತ ದಂಡನೆಯೊಂದು ಉತ್ತರದಾಯಿತ್ವದ ಕಡೆಗೆ ತಡವಾಗಿ ಹೆಜ್ಜೆಯಿಟ್ಟ ಸಂದರ್ಭವಿದು.

ದ್ರೌಪದಿಯ ಪ್ರಶ್ನೆ

ಇದಕ್ಕೆ ತದ್ವಿರುದ್ಧವಾದ ಸನ್ನಿವೇಶ ದ್ರೌಪದೀ ವಸ್ತ್ರಾಪಹಾರದ ಪ್ರಸಂಗದಲ್ಲಿದೆ. ಅಲ್ಲಿ ಯಾವುದೂ ಮರೆಯಲ್ಲಿ ನಡೆಯುವುದಿಲ್ಲ. ಜೂಜು ತುಂಬಿದ ಸಭೆಯಲ್ಲಿ ನಡೆಯುತ್ತದೆ. ಒಡ್ಡಿದ್ದು, ಸೋತದ್ದು ಎಲ್ಲರೂ ನೋಡಿದ್ದು. ರಾಜ, ಹಿರಿಯರು, ಆಚಾರ್ಯರು ತಮ್ಮ ತಮ್ಮ ಪೀಠಗಳಲ್ಲಿದ್ದಾರೆ. ತನ್ನನ್ನೇ ಸೋತವನಿಗೆ ತನ್ನನ್ನು ಪಣಕ್ಕೆ ಒಡ್ಡುವ ಅಧಿಕಾರವಿತ್ತೇ ಎಂಬ ದ್ರೌಪದಿಯ ಪ್ರಶ್ನೆಯೂ ಸಭೆಯ ನಡುವೆಯೇ ಕೇಳಿಸುತ್ತದೆ. ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯದಿಂದ ಹಿಂದೆ ಸರಿಯುತ್ತಾನೆ. ವಿದುರ ಎಚ್ಚರಿಸುತ್ತಾನೆ. ಕೌರವರಲ್ಲಿಯೇ ಒಬ್ಬನಾದ ವಿಕರ್ಣ ಅವಳ ಪರವಾಗಿ ಮಾತನಾಡಿ ಕರ್ಣನಿಂದ ನಿಂದೆಗೆ ಗುರಿಯಾಗುತ್ತಾನೆ. ತೀರ್ಮಾನಿಸಬೇಕಾದವರಿಂದ ಮಾತ್ರ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಪಾರದರ್ಶಕತೆ ಎಂದರೆ ಕಾಣುವಂತಿರುವುದು ಎಂದಷ್ಟೇ ಅರ್ಥಮಾಡಿದರೆ ಕುರುಸಭೆಯಷ್ಟು ಪಾರದರ್ಶಕವಾದ ಸಭೆ ಇನ್ನೊಂದಿಲ್ಲ. ಅನ್ಯಾಯವು ಹಗಲಿನಂತೆ ಕಾಣುತ್ತಿತ್ತು. ಇಲ್ಲದಿದ್ದುದು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು ಎಂಬ ಹೊಣೆ. ವಾಲಿಯ ಪ್ರಕರಣ ಮತ್ತು ದ್ರೌಪದಿಯ ಪ್ರಕರಣಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಎರಡು ಮೌಲ್ಯಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ. ಕಾಣುವಿಕೆಯಿಂದ ಪ್ರಶ್ನೆ ಹುಟ್ಟಬಹುದು. ಉತ್ತರ ತಾನಾಗಿ ಹುಟ್ಟುವುದಿಲ್ಲ. ಉತ್ತರ ಹೇಳದೆ ಇರುವುದಕ್ಕೆ ಏನಾದರೂ ಬೆಲೆ ತೆರಬೇಕಾಗಿ ಬಂದಾಗ ಮಾತ್ರ ಅಧಿಕಾರಸ್ಥನು ಉತ್ತರಕ್ಕೆ ತೊಡಗುತ್ತಾನೆ. ಕೂಟದ ಮಟ್ಟಿಗೆ ಆ ಬೆಲೆಯನ್ನು ವಿಧಿಸುವವರು ಪ್ರೇಕ್ಷಕರು. ಭಾಗವತನ ಪಕ್ಷಪಾತ ಎಲ್ಲರ ಕಣ್ಣಿಗೆ ಬಿದ್ದೂ ಯಾರೂ ತುಟಿ ಬಿಚ್ಚದಿದ್ದರೆ ಆ ಕೂಟ ಕುರುಸಭೆಯ ಚಿಕ್ಕ ಪ್ರತಿಕೃತಿಯಾಗುತ್ತದೆ.

ಕೂಟದ ಮಿತಿಗಳು

ಈ ಕಾರಣದಿಂದ ತಾಳಮದ್ದಳೆಯನ್ನು ಮುಕ್ತ ಚರ್ಚೆಯ ಆದರ್ಶ ಮಾದರಿಯೆಂದು ಕೊಂಡಾಡುವ ಮೊದಲು ಅದರ ಮಿತಿಗಳನ್ನು ಗುರುತಿಸುವುದು ಅಗತ್ಯ. ಜಾನಪದ ವಿದ್ವತ್ತಿನಲ್ಲಿ ಸಮುದಾಯದ ಕಲೆಗಳನ್ನು ಕುರಿತ ಒಂದು ಬಗೆಯ ಭಾವುಕತೆ ಬೆಳೆದುಬಂದಿದೆ. ಸಮುದಾಯದ ನಡುವೆ ನಡೆಯುವುದೆಲ್ಲ ಸಮುದಾಯದ ಒಪ್ಪಿಗೆಯಿಂದ ನಡೆಯುತ್ತದೆ ಎಂಬ ಊಹೆ ಅದರ ಹಿಂದಿದೆ.

ಕೂಟದಲ್ಲಿ ಯಾವ ಪಾತ್ರ ಯಾರಿಗೆ ಎಂಬುದು ದೀಪ ಹಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನವನ್ನು ಸಂಘಟಕರು ಮಾಡುತ್ತಾರೆ. ಅದರ ಕಾರಣಗಳು ಸಭೆಯ ಮುಂದೆ ಬರುವುದಿಲ್ಲ. ಖ್ಯಾತನಾಮ ಅರ್ಥಧಾರಿಯ ಎದುರಿಗೆ ಕಿರಿಯ ಅರ್ಥಧಾರಿ ಕುಳಿತಾಗ ಭಾಗವತನ ತಾಳ ಇಬ್ಬರಿಗೂ ಒಂದೇ ಅಳತೆಯಲ್ಲಿ ಬೀಳುತ್ತದೆ ಎಂದು ಹೇಳುವಂತಿಲ್ಲ. ಖ್ಯಾತನ ವಿಷಯಾಂತರ ಪಾಂಡಿತ್ಯವೆನಿಸಿಕೊಳ್ಳುತ್ತದೆ. ಕಿರಿಯನದು ವಿಷಯಾಂತರವೇ ಆಗುತ್ತದೆ. ನಿಯಮ ಒಂದೇ, ಅನ್ವಯ ಎರಡು.

ಇದಕ್ಕಿಂತ ಆಳವಾದ ಮಿತಿಯೆಂದರೆ ಕೂಟದ ಚಾವಡಿಯ ಒಳಗೆ ಬರುವ ಹಕ್ಕಿನದು. ದೀರ್ಘಕಾಲದವರೆಗೆ ಅರ್ಥ ಹೇಳುವ ಚಾಪೆಯ ಮೇಲೆ ಮಹಿಳೆಯರಿಗೆ ಸ್ಥಾನವಿರಲಿಲ್ಲ. ದ್ರೌಪದಿಯ ಪ್ರಶ್ನೆಯನ್ನೂ ಗಂಡಸೇ ಕೇಳುತ್ತಿದ್ದ. ಕಳೆದ ಶತಮಾನದ ಉತ್ತರಾರ್ಧದ ಅನಂತರ ಮಹಿಳಾ ತಾಳಮದ್ದಳೆ ತಂಡಗಳು ರೂಪುಗೊಂಡ ಮೇಲೆ ಈ ಸ್ಥಿತಿ ಬದಲಾಗತೊಡಗಿತು. ಮನೆಯ ಚಾವಡಿ, ದೇವಸ್ಥಾನದ ಒಳಾಂಗಣಗಳೇ ಕೂಟದ ನೆಲೆಗಳಾಗಿದ್ದ ಕಾಲದಲ್ಲಿ, ಅಲ್ಲಿಗೆ ಪ್ರವೇಶವಿಲ್ಲದ ಸಮುದಾಯಗಳು ಕೇಳುಗರಾಗುವುದಕ್ಕೂ ಅಂಗಳದ ಅಂಚಿನಲ್ಲಿ ನಿಲ್ಲಬೇಕಾಗಿತ್ತು. ಒಳಗಿದ್ದವರ ಮಾತನ್ನು ಭಾಗವತ ಎಷ್ಟೇ ನ್ಯಾಯವಾಗಿ ನಿಯಂತ್ರಿಸಿದರೂ, ಒಳಗೆ ಬಾರದವರ ಮಾತಿನ ಮಟ್ಟಿಗೆ ಆ ನ್ಯಾಯ ಅನ್ವಯವಾಗುವುದಿಲ್ಲ. ನಿಯಂತ್ರಣದ ಚರ್ಚೆ ಪ್ರವೇಶದ ಚರ್ಚೆಯನ್ನು ಮರೆಸಬಾರದು.

ಕತ್ತರಿಯ ಸದ್ದು

ಇಷ್ಟೆಲ್ಲ ಮಿತಿಗಳಿದ್ದರೂ ಕೂಟದಲ್ಲಿ ತಡೆಯು ತಡೆಯಾಗಿ ಕೇಳಿಸುತ್ತಿತ್ತು ಎಂಬುದು ನಿಜ. ಮಾತು ಕೂಟವನ್ನು ಬಿಟ್ಟು ಯಂತ್ರವನ್ನು ಹೊಕ್ಕಾಗ ಈ ಗುಣಕ್ಕೆ ಧಕ್ಕೆ ಬಂದಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ಪ್ರಾರಂಭವಾದ ಮೇಲೆ ತಾಳಮದ್ದಳೆಗೆ ಹೊಸ ಕೇಳುಗವರ್ಗ ದೊರೆಯಿತು. ಅನಂತರ ಧ್ವನಿಸುರುಳಿಗಳು, ಸಾಂದ್ರಮುದ್ರಿಕೆಗಳು, ದೃಶ್ಯಮುದ್ರಣಗಳು ಬಂದವು. ಈ ಮಾಧ್ಯಮಗಳು ಕಲೆಗೆ ಮಾಡಿದ ಉಪಕಾರ ದೊಡ್ಡದು. ಅಗಲಿದ ಅರ್ಥಧಾರಿಗಳ ದನಿ ಇಂದಿಗೂ ಕೇಳಲು ಸಿಗುವುದು ಇವುಗಳಿಂದಲೇ.

ಆದರೆ ನಿಯಂತ್ರಣದ ಸ್ವರೂಪ ಇಲ್ಲಿ ಪೂರ್ತಿಯಾಗಿ ಬದಲಾಯಿತು. ರಾತ್ರಿಯಿಡೀ ಹರಿಯುತ್ತಿದ್ದ ವಾದವನ್ನು ನಿಗದಿತ ಅವಧಿಗೆ ಹೊಂದಿಸಬೇಕಾಯಿತು. ಅವಧಿಗೆ ಮೀರಿದ್ದನ್ನು, ಆಕ್ಷೇಪಾರ್ಹವೆಂದು ತೋರಿದ್ದನ್ನು, ಬೇಸರ ತರಬಹುದೆಂದು ಅನಿಸಿದ್ದನ್ನು ಧ್ವನಿಮುದ್ರಣದ ಅನಂತರ ಕತ್ತರಿಸುವುದು ಸಾಧ್ಯವಾಯಿತು. ಕೂಟದಲ್ಲಿ ತಾಳದ ಸದ್ದಿನೊಡನೆ ಬರುತ್ತಿದ್ದ ತಡೆ ಇಲ್ಲಿ ನಿಶ್ಶಬ್ದವಾಗಿ ಬರುತ್ತದೆ. ನುರಿತ ಸಂಕಲನಕಾರನ ಹೆಗ್ಗಳಿಕೆಯೇ ಕತ್ತರಿಸಿದ್ದು ಗೊತ್ತಾಗದಂತೆ ಕತ್ತರಿಸುವುದರಲ್ಲಿದೆ. ಕೇಳುಗನಿಗೆ ಒಂದು ವಾದ ದುರ್ಬಲವಾಗಿ ಕೇಳಿಸಿದರೆ, ಅದು ಅರ್ಥಧಾರಿಯ ದೌರ್ಬಲ್ಯವೋ ಕತ್ತರಿಯ ಪರಿಣಾಮವೋ ಎಂದು ತಿಳಿಯುವ ದಾರಿಯಿಲ್ಲ. ಅರ್ಥಧಾರಿಗೂ ತನ್ನ ಯಾವ ಮಾತು ಉಳಿಯಿತು, ಯಾವುದು ಹೋಯಿತು ಎಂಬುದು ಪ್ರಸಾರವಾದ ಮೇಲೆಯೇ ತಿಳಿಯುತ್ತದೆ. ಅವನು ಆಕ್ಷೇಪಿಸಬೇಕೆಂದರೆ ಎದುರಿಗೆ ಭಾಗವತನಿಲ್ಲ.

ವಾಲಿಯ ದೂರು ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಬಾಣ ಬಂದದ್ದು ಮರೆಯಿಂದ. ಬಿಟ್ಟವನು ಮರೆಯಿಂದ ಹೊರಗೆ ಬರುವುದೂ ಇಲ್ಲ. ಕತ್ತರಿಸಿದವನು ದುರುದ್ದೇಶದವನಾಗಿರಬೇಕಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅವನು ಕಲೆಯನ್ನು ಪ್ರೀತಿಸುವವನೂ ಬಲ್ಲವನೂ ಆಗಿರುತ್ತಾನೆ, ಅವಧಿಯ ಒತ್ತಡಕ್ಕೆ ಸಿಕ್ಕಿರುತ್ತಾನೆ. ಆದರೆ ಸದುದ್ದೇಶವು ಉತ್ತರದಾಯಿತ್ವಕ್ಕೆ ಬದಲಿಯಾಗುವುದಿಲ್ಲ. ಅವನ ನಿರ್ಧಾರ ಸರಿಯಾಗಿತ್ತು ಎಂದು ಸಾಧಿಸಿ ತೋರಿಸಲು ಬೇಕಾದ ಸಾಕ್ಷ್ಯವೂ ಕತ್ತರಿಸಿದ ಸುರುಳಿಯ ಜೊತೆಯಲ್ಲಿ ನಾಶವಾಗುತ್ತದೆ. ಗುಪ್ತ ನಿಯಂತ್ರಣದಿಂದ ನಿಯಂತ್ರಿತನಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಪ್ರಾಮಾಣಿಕ ನಿಯಂತ್ರಕನಿಗೂ ಅದರಿಂದ ರಕ್ಷಣೆಯಿಲ್ಲ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಮೌಖಿಕ ಪಠ್ಯಗಳನ್ನು ಅಚ್ಚಿಗೆ ತರುವಾಗಲೂ ಇದೇ ಸಮಸ್ಯೆ ಎದುರಾಗುತ್ತದೆ. ಅಶ್ಲೀಲ, ಪುನರುಕ್ತಿ, ಅಪಭ್ರಂಶ ಎಂಬ ಹೆಸರಿನಲ್ಲಿ ಸಂಪಾದಕನು ಕೈಬಿಟ್ಟದ್ದು ಓದುಗನಿಗೆ ಕಾಣದು. ಇಂಗ್ಲೆಂಡಿನ ಥಾಮಸ್ ಪರ್ಸಿ 1765ರಲ್ಲಿ ಪ್ರಕಟಿಸಿದ ಪ್ರಾಚೀನ ಲಾವಣಿಗಳ ಸಂಕಲನದ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ಆತ ಮೂಲವನ್ನು ಬಹಳಷ್ಟು ತಿದ್ದಿದ್ದ. ಜೋಸೆಫ್ ರಿಟ್ಸನ್ ಅಂಥ ಹಸ್ತಪ್ರತಿಯೊಂದು ನಿಜವಾಗಿಯೂ ಇದೆಯೇ ಎಂದೇ ಸಂಶಯಿಸಿದ. ಆ ಹಸ್ತಪ್ರತಿಯನ್ನು ಹೇಲ್ಸ್ ಮತ್ತು ಫರ್ನಿವಲ್ 1867–68ರಲ್ಲಿ ಅಚ್ಚಿಗೆ ತಂದ ಮೇಲೆಯೇ ಪರ್ಸಿಯ ಕೈವಾಡದ ಅಳತೆ ಸಾಧ್ಯವಾಯಿತು. ಹಸ್ತಪ್ರತಿ ಉಳಿದಿತ್ತಾದ್ದರಿಂದ ನೂರು ವರ್ಷಗಳ ಬಳಿಕವಾದರೂ ಲೆಕ್ಕ ಸಿಕ್ಕಿತು.

ಸಿರಿ ಪಠ್ಯೀಕರಣದ ನಿದರ್ಶನ

ನಿಯಂತ್ರಕನು ಕೂಟದಿಂದ ದೂರವಾದಾಗ ಕಳೆದುಹೋಗುವ ಬಹಿರಂಗತೆಯನ್ನು ಬೇರೆ ಬಗೆಯಲ್ಲಿ ತುಂಬಿಕೊಡಲು ಸಾಧ್ಯವೇ ಎಂಬ ಪ್ರಶ್ನೆಗೆ ತುಳುನಾಡಿನಲ್ಲಿಯೇ ನಡೆದ ಒಂದು ಕೆಲಸ ಉತ್ತರ ಕೊಡುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಲೌರಿ ಹೊಂಕೊ, ಆನೆಲಿ ಹೊಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ ದಾಖಲಿಸಿತು. 15,683 ಸಾಲುಗಳ ಈ ಪಠ್ಯವು ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಲ್ಲಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಇವುಗಳ ಜೊತೆಯಲ್ಲಿ ಅದೇ ವರ್ಷ ಬಂದ, ಹೊಂಕೊ ಅವರ ಮತ್ತೊಂದು ಸಂಪುಟ. ಹಾಡು ಹೇಗೆ ಪಠ್ಯವಾಯಿತು, ದಾಖಲಾತಿಯ ಸನ್ನಿವೇಶ ಎಂಥದು, ಸಾಲುಗಳನ್ನು ಹೇಗೆ ವಿಂಗಡಿಸಲಾಯಿತು, ಲಿಪ್ಯಂತರ ಹಾಗೂ ಅನುವಾದಗಳಲ್ಲಿ ಯಾವ ನಿಲುವುಗಳನ್ನು ತಾಳಲಾಯಿತು ಎಂಬುದನ್ನು ವಿವರಿಸುವುದಕ್ಕಾಗಿಯೇ ಇಡೀ ಸಂಪುಟ ಮೀಸಲಾಗಿದೆ. ಸಂಪಾದಕರು ತಮ್ಮ ಕೈಕೆಲಸದ ಲೆಕ್ಕವನ್ನು ತಾವೇ ಓದುಗರ ಮುಂದಿಟ್ಟರು.

ಹೊಂಕೊ ಫಿನ್ಲೆಂಡಿನವರೆಂಬುದು ಇಲ್ಲಿ ಅರ್ಥಪೂರ್ಣ. ಆ ದೇಶದ ಎಲಿಯಾಸ್ ಲೊನ್‌ರೋಟ್ ಜನಪದ ಹಾಡುಗಳನ್ನು ಕೂಡಿಸಿ, ಹೊಂದಿಸಿ 1835ರಲ್ಲಿಯೂ ವಿಸ್ತರಿಸಿ 1849ರಲ್ಲಿಯೂ ‘ಕಾಲೆವಾಲ’ವನ್ನು ಹೊರತಂದನು. ಯಾವುದು ಹಾಡುಗಾರರದು, ಯಾವುದು ಲೊನ್‌ರೋಟನದು ಎಂಬ ಪ್ರಶ್ನೆ ಆ ಕೃತಿಯನ್ನು ಬಿಡಲಿಲ್ಲ. ಸಂಗ್ರಹಕಾರರು ಬರೆದಿಟ್ಟ ಮೂಲ ಹಾಡುಗಳನ್ನು ಅಲ್ಲಿನ ಸಾಹಿತ್ಯ ಸಂಘವು 1908ರಿಂದ 1948ರ ನಡುವೆ 33 ಸಂಪುಟಗಳಲ್ಲಿ ಪ್ರಕಟಿಸಿದ್ದರಿಂದ ಸಂಪಾದಿತ ಕಾವ್ಯವನ್ನು ಮೂಲದ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಅಲ್ಲಿ ಕೃತಿಯಾದ ಎಷ್ಟೋ ದಶಕಗಳ ಮೇಲೆ ದೊರೆತ ಲೆಕ್ಕವು ಸಿರಿಯ ಸಂದರ್ಭದಲ್ಲಿ ಕೃತಿಯ ಜೊತೆಯಲ್ಲಿಯೇ ದೊರೆಯಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಾತಿನ ನಿಯಂತ್ರಣ ತಪ್ಪಲ್ಲ. ನಿಯಂತ್ರಣವಿಲ್ಲದ ಕೂಟ ಗದ್ದಲವಾಗುತ್ತದೆ. ಆದರೆ ನಿಯಂತ್ರಣ ನ್ಯಾಯವಾಗಿರಬೇಕಾದರೆ ಅಳೆಯುವ ಪದ್ಯ ಎಲ್ಲರಿಗೂ ಮೊದಲೇ ಕೇಳಿಸಿರಬೇಕು. ತಡೆಯುವ ತಾಳ ಎಲ್ಲರಿಗೂ ಕೇಳಿಸಬೇಕು. ತಡೆದವನು ಪ್ರಶ್ನೆಗೆ ಸಿಗುವಂತೆ ಅಲ್ಲಿಯೇ ಕುಳಿತಿರಬೇಕು. ಮೊದಲಿನ ಎರಡು ಬಹಿರಂಗತೆಗೆ ಸಂಬಂಧಿಸಿದವು, ಮೂರನೆಯದು ಉತ್ತರದಾಯಿತ್ವಕ್ಕೆ. ಕೂಟದಲ್ಲಿ ಮುಖಾಮುಖಿಯ ಕಾರಣದಿಂದಲೇ ಮೊದಲಿನ ಎರಡು ಬಹುಮಟ್ಟಿಗೆ ಒದಗಿಬರುತ್ತವೆ. ಮೂರನೆಯದು ಕೇಳುವವರ ಧೈರ್ಯವನ್ನು ಅವಲಂಬಿಸಿದೆ. ಮುಖಾಮುಖಿ ಇಲ್ಲದ ಕಡೆ ಮೂರೂ ಇಲ್ಲವಾಗುತ್ತವೆ. ಅವುಗಳನ್ನು ಪ್ರಜ್ಞಾಪೂರ್ವಕವಾಗಿ ಕಟ್ಟಬೇಕಾಗುತ್ತದೆ.

ಈ ತೀರ್ಮಾನಕ್ಕೆ ಪ್ರಾಯೋಗಿಕವಾದ ಒಂದು ಮುಖವಿದೆ. ತಾಳಮದ್ದಳೆಯ ಹಳೆಯ ಧ್ವನಿಸುರುಳಿಗಳು ಖಾಸಗಿ ಸಂಗ್ರಾಹಕರ ಮನೆಗಳಲ್ಲಿ, ಸಂಸ್ಥೆಗಳ ಕಪಾಟುಗಳಲ್ಲಿ ಹರಡಿಕೊಂಡಿವೆ. ಸುರುಳಿಯ ಆಯುಸ್ಸು ದೀರ್ಘವಲ್ಲ. ಅವುಗಳನ್ನು ಹೊಸ ಮಾಧ್ಯಮಕ್ಕೆ ವರ್ಗಾಯಿಸುವಾಗ ಶುದ್ಧೀಕರಿಸುವ, ಸಂಕ್ಷೇಪಿಸುವ, ಇಂದಿನ ಸೂಕ್ಷ್ಮತೆಗಳಿಗೆ ಒಗ್ಗದ ಮಾತುಗಳನ್ನು ತೆಗೆದುಹಾಕುವ ಒತ್ತಡ ಸಹಜವಾಗಿಯೇ ಬರುತ್ತದೆ. ಕೆಲವೊಮ್ಮೆ ಅದು ಸಕಾರಣವೂ ಆಗಿರಬಹುದು. ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳು ಇಂಥ ಕೆಲಸಕ್ಕೆ ಕೈಹಾಕುವಾಗ ಕತ್ತರಿಸದ ಮೂಲವನ್ನು ಪ್ರತ್ಯೇಕವಾಗಿ ಉಳಿಸಬೇಕು. ತೆಗೆದ ಭಾಗ ಎಲ್ಲಿತ್ತು, ಎಷ್ಟಿತ್ತು, ಏಕೆ ತೆಗೆಯಲಾಯಿತು, ಆ ನಿರ್ಧಾರ ಯಾರದು ಎಂಬುದನ್ನು ಬರೆದಿಡಬೇಕು. ಸಂಶೋಧಕನು ಅಥವಾ ಕಲಾವಿದನ ಕುಟುಂಬದವರು ಆಕ್ಷೇಪವೆತ್ತಿದರೆ ಅದಕ್ಕೆ ಉತ್ತರ ಹೇಳುವ ಹೊಣೆ ಯಾರದೆಂಬುದು ಮೊದಲೇ ಗೊತ್ತಾಗಿರಬೇಕು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಪ್ರತಿ ಸುರುಳಿಗೆ ಒಂದು ಪುಟದ ಟಿಪ್ಪಣಿ ಸಾಕು.

ಅಂಥ ಟಿಪ್ಪಣಿ ಇಲ್ಲದೆ ಉಳಿದ ಧ್ವನಿಯನ್ನು ಮುಂದಿನ ತಲೆಮಾರಿನ ಸಂಶೋಧಕನು ವಾಲಿಯ ಅರ್ಥಧಾರಿಯ ಪೂರ್ಣ ವಾದವೆಂದೇ ನಂಬುತ್ತಾನೆ. ಅದರಲ್ಲಿ ಒಂದು ಪ್ರಶ್ನೆ ಕಡಿಮೆಯಾಗಿದ್ದರೆ, ಆ ಪ್ರಶ್ನೆಯನ್ನು ವಾಲಿ ಕೇಳಲೇ ಇಲ್ಲವೆಂದು ಬರೆಯುತ್ತಾನೆ.